ಬೊಳ್ಳಮ್ಮನವರ ಎಡಗಾಲು

ರಕ್ತದ ಹರಿವನ್ನು ನೋಡುವ ಡಾಪ್ಲರ್ ಯಂತ್ರ ನಡೆಸುವುದು ನನ್ನ ಕೆಲಸ. ರಕ್ತ ನಮ್ಮ ಕಡೆಗೆ ಬರುತ್ತಿದ್ದರೆ ಪರದೆಯಲ್ಲಿ ಕೆಂಪು, ದೂರ ಹೋಗುತ್ತಿದ್ದರೆ ನೀಲಿ. ಯಂತ್ರಕ್ಕೆ ಗೊತ್ತಿರುವುದು ಅಷ್ಟೇ.

ಕರಿಕೆ ಊರಿನ ಆರೋಗ್ಯ ಶಿಬಿರದಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಬೊಳ್ಳಮ್ಮನವರ ಸರದಿ ಬಂತು. ಸಕ್ಕರೆ ಕಾಯಿಲೆಯಿಂದ ಅವರ ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ವರ್ಷವಾಗಿತ್ತು. ಬಲಗಾಲು ನೋಡಿ ಮುಗಿಸಿದೆ.

"ಎಡದ್ದೂ ಒಂಚೂರು ನೋಡಿ ಮಗ. ಪಾದ ತಣ್ಣಗೆ ಕೊರೀತದೆ, ಮಣ್ಣೊಳಗೆ ಇಟ್ಟ ಹಾಗೆ" ಎಂದರು.

ಅವರ ಸಮಾಧಾನಕ್ಕೆಂದು, ಪಾದ ಇರಬೇಕಿದ್ದ ಜಾಗದಲ್ಲಿ, ಬರೀ ಹಾಸಿಗೆಯ ಬಟ್ಟೆಯ ಮೇಲೆ ಯಂತ್ರದ ಪ್ರೋಬ್ ಒತ್ತಿದೆ. ಹುಶ್, ಹುಶ್ ಎಂದು ನಾಡಿ ಕೇಳಿಸಿತು. ನನ್ನ ಬೆರಳಿನದೇ ಇರಬೇಕೆಂದು ಕೈ ತೆಗೆದೆ. ಪ್ರೋಬ್ ಬಟ್ಟೆಯ ಮೇಲೆ ಸುಮ್ಮನೆ ಬಿದ್ದಿತ್ತು. ಸದ್ದು ಮಾತ್ರ ನಿಲ್ಲಲಿಲ್ಲ. ಬೊಳ್ಳಮ್ಮನವರ ಮಣಿಕಟ್ಟು ಹಿಡಿದು ಎಣಿಸಿದೆ. ನಿಮಿಷಕ್ಕೆ ಎಪ್ಪತ್ತು. ಇದು ನೂರು ದಾಟಿತ್ತು, ಗುಡ್ಡ ಹತ್ತುವವರ ನಾಡಿಯ ಹಾಗೆ.

ಪಕ್ಕದಲ್ಲಿದ್ದ ಗಂಡ ಸಾಂತಪ್ಪ ಬಾಗಿಲ ಕಡೆ ನೋಡಿದರು.

"ಆ ಕಾಲನ್ನ ನಾನೇ ತೋಟದ ಕೆಳಗೆ, ಹೊಳೆ ಬದಿಲಿ ಹೂತದ್ದು. ಅಲ್ಲಿಂದ ಇಲ್ಲಿಗೆ ಪೂರಾ ಏರು."

ನಾನು ಪರದೆ ನೋಡಿದೆ. ಅಂಚಿನಿಂದ ಅಂಚಿಗೆ ಕೆಂಪಿತ್ತು.