ಮೇಷ್ಟ್ರ ಎಡಗಣ್ಣು

"ಇದು ನಮ್ಮ ಯಜಮಾನರ ಕಣ್ಣಲ್ಲಮ್ಮ."

ಮೇಷ್ಟ್ರ ಹೆಂಡತಿ ಪುಟ್ಟ ಡಬ್ಬಿಯ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟರು. ಹತ್ತಿಯ ಮೇಲೆ ಕೂತಿದ್ದ ಕೃತಕ ಕಣ್ಣು ಮೇಜಿನಾಚೆ ಕೂತಿದ್ದ ಹುಡುಗಿಯನ್ನೇ ನೋಡಿತು.

ಅದಕ್ಕೆ ಬಣ್ಣ ಬರೆದವಳು ಅವಳೇ. ಮೂರು ವಾರದ ಹಿಂದೆ ಇದೇ ಕಿಟಕಿಯ ಪಕ್ಕ ಕೂತು, ಮೇಷ್ಟ್ರ ಬಲಗಣ್ಣನ್ನು ನೋಡಿ ನೋಡಿ ಎಡಗಣ್ಣು ಬರೆದಿದ್ದಳು. ಮೇಷ್ಟ್ರದ್ದು ಕಡುಕಂದು. ಇದು ಅದಕ್ಕಿಂತ ಒಂಚೂರು ತಿಳಿ. ಸಾಲದ್ದಕ್ಕೆ ಪಾಪೆಯ ಕೆಳಗೆ ಸೂಜಿಮೊನೆಯಷ್ಟು ಹೊಂಬಣ್ಣದ ಚುಕ್ಕೆ ಬೇರೆ.

"ಬಣ್ಣ ಸ್ವಲ್ಪ ಹೆಚ್ಚುಕಮ್ಮಿ ಆಗಿದೆ. ಬೇರೆ ಮಾಡಿಕೊಡ್ತೀನಿ, ಅಮ್ಮ."

"ಬಣ್ಣದ ಮಾತಲ್ಲ ತಾಯಿ." ಅವರು ದನಿ ತಗ್ಗಿಸಿದರು. "ಮದುವೆಯಾಗಿ ಮೂವತ್ತೆಂಟು ವರ್ಷ. ಇವರು ನನ್ನ ನೋಡೋದೇ ಸಿಡುಕಿಕೊಂಡು. ಈಗ ಬಲಗಣ್ಣು ಸಿಡುಕುತ್ತೆ, ಎಡಗಣ್ಣು... ಹೇಗೆ ಹೇಳ್ಲಿ... ಪ್ರೀತಿಯಿಂದ ನೋಡುತ್ತೆ. ಉಪ್ಪು ಕಮ್ಮಿ ಅಂತ ಇವರು ಬೈತಾ ಇದ್ರೆ, ಆ ಕಣ್ಣು ನೀನು ಊಟ ಮಾಡಿದ್ಯಾ ಅಂತ ಕೇಳ್ತಾ ಇರುತ್ತೆ. ಮೈ ಜುಮ್ ಅನ್ನುತ್ತೆ. ಮನೇಲಿ ಯಾರೋ ಬೇರೆಯವರು ಇದ್ದ ಹಾಗೆ."

ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಮೇಷ್ಟ್ರು ಗೊಣಗಿದರು. "ನನಗೇನೂ ತೊಂದರೆ ಇರ್ಲಿಲ್ಲ. ಇವಳೇ ದಿನಾ ಎಡಗಡೆಗೆ ಬಂದು ಕೂರ್ತಿದ್ಲು."

ನಿಮಗೆ ನಗು ಬಂದಿರಬಹುದು. ಅವಳಿಗೆ ಬರಲಿಲ್ಲ. ಒಂದೇ ತಿಂಗಳಲ್ಲಿ ಹೀಗೆ ವಾಪಸು ಬಂದ ಎರಡನೇ ಕಣ್ಣು ಅದು.

ಅವರು ಹೋದ ಮೇಲೆ ದೊಡ್ಡಮ್ಮ ಬಾಗಿಲು ಹಾಕಿಕೊಂಡು ಬಂದರು. ಕೃತಕ ಕಣ್ಣು ಮಾಡುವ ಆ ಕಾರ್ಖಾನೆ ಅವರದೇ.

"ಹೋದ ಸಲ ಕಣ್ಣು ವಾಪಸು ತಂದಾಗ ಆ ವಾಚ್‌ಮನ್ ತಾಯಿ ಏನಂದ್ರು, ನೆನಪಿದೆಯಾ? ಮಗನ ಒಳಗೆ ಇನ್ಯಾರೋ ಕೂತಿದ್ದಾರೆ ಅಂದ್ರು. ಜನ ನಮ್ಮನ್ನ ನಂಬಿ ಮುಖ ಕೊಡ್ತಾರೆ ಕಣೇ. ನಾಡಿದ್ದು ಕಂಡಕ್ಟರಮ್ಮ ಬರ್ತಾಳೆ. ಅದೂ ಹೀಗಾದ್ರೆ ಬ್ರಷ್ ಇಟ್ಟು ಫೋನ್ ಹತ್ರ ಕೂತ್ಕೋ. ತಂಗಿ ಮಗಳು ಅಂತ ಮುಲಾಜು ನೋಡಲ್ಲ."

ಆರು ವರ್ಷದಿಂದ ಅವಳಿಗೆ ಗೊತ್ತಿರುವುದು ಇದೊಂದೇ ಕೆಲಸ. ಕಣ್ಣಿನ ಬಿಳಿಭಾಗದ ಮೇಲೆ ಕೆಂಪು ರೇಷ್ಮೆ ಎಳೆಯಿಂದ ನರ ಬಿಡಿಸುವಾಗ ಅವಳಿಗೆ ಹಸಿವೂ ಗೊತ್ತಾಗುತ್ತಿರಲಿಲ್ಲ. ಅದನ್ನು ಬಿಟ್ಟು ಫೋನ್ ಹತ್ರ ಕೂರುವುದೇ?

ಯಾರದಿದು? ತನ್ನ ಕೈಗೆ ಈ ಕಣ್ಣು ಎಲ್ಲಿಂದ ಬಂತು?

ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಹೊರಟಳು. ಬಸ್ಸಿನಲ್ಲಿ ಒಬ್ಬೊಬ್ಬರ ಕಣ್ಣನ್ನೂ ಬಗ್ಗಿ ಬಗ್ಗಿ ನೋಡಿದಳು. ಎದುರು ಸೀಟಿನವನು ಮೊದಲು ತಲೆಗೂದಲು ಸರಿಮಾಡಿಕೊಂಡ, ಆಮೇಲೆ ಹೆದರಿ ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟ. ಮನೆಯಲ್ಲಿ ತೀರಿಹೋದ ಅಪ್ಪನ ಫೋಟೊ ಇಳಿಸಿ ನೋಡಿದಳು. ಅದೂ ಅಲ್ಲ.

ಕನ್ನಡಿಯ ಮುಂದೆ ಡಬ್ಬಿ ತೆರೆದಿಟ್ಟು ತಲೆ ಬಾಚಿಕೊಂಡಳು. ಅವಳು ಎಡಕ್ಕೆ ಸರಿದರೆ ಅದೂ ಎಡಕ್ಕೆ ನೋಡಿದಂತಿತ್ತು. ಬಲಕ್ಕೆ ಬಂದರೆ ಬಲಕ್ಕೆ. ಆದರೂ ಮುಚ್ಚಳ ಹಾಕಲು ಕೈ ಬರಲಿಲ್ಲ. 'ಇವತ್ತು ತುಂಬಾ ಬೈಸಿಕೊಂಡೆ,' ಎಂದು ಮೆಲ್ಲಗೆ ಹೇಳಿಯೂಬಿಟ್ಟಳು. ಹೇಳಿದ ಮೇಲೆ ಎಷ್ಟು ಹಗುರವಾಯಿತೆಂದರೆ, ಅವಳಿಗೇ ಭಯವಾಯಿತು.

"ಯಾರ ಹತ್ರ ಮಾತಾಡ್ತಿದ್ದೀಯೇ?" ಅಮ್ಮ ಅಡುಗೆಮನೆಯಿಂದ ಕೇಳಿದರು.

"ಯಾರೂ ಇಲ್ಲಮ್ಮ."

ಮಾರನೇ ದಿನ ಎರಡೂ ಕಣ್ಣು ಹೋಲಿಸಿ ನೋಡೋಣವೆಂದು ವಾಚ್‌ಮನ್ ಕಣ್ಣು ಹುಡುಕಿದಳು. "ಅದನ್ನ ಪಾಲಿಶ್ ಹತ್ರ ಕೊಟ್ಟಿದ್ದೆ," ಎಂದರು ದೊಡ್ಡಮ್ಮ.

ಪಾಲಿಶ್ ಎಂದರೆ ಹಿಂದಿನ ಕೋಣೆಯಲ್ಲಿ ಚಕ್ರಕ್ಕೆ ಕಣ್ಣು ಹಿಡಿದು ಹೊಳಪು ಕೊಡುವವನು. ಚಕ್ರದ ಮುಂದಿರುವಷ್ಟು ಹೊತ್ತೂ ಧೂಳು ತಡೆಯುವ ದಪ್ಪ ಕನ್ನಡಕ, ಮೈಯೆಲ್ಲ ಬಿಳಿ ಪುಡಿ. ಎಂಟು ತಿಂಗಳಿಂದ ಅವನಿಗೆ ಇನ್ನೊಂದು ಕೆಲಸವೂ ಇತ್ತು. ಬಣ್ಣ ನೋಡಿ ದಣಿದ ಅವಳ ಕಣ್ಣಿಗೆ ಆಗಾಗ ಬರೀ ಬಿಳಿ ಬೇಕು. ಅದಕ್ಕಾಗಿ ಗಿರಾಕಿಯ ಕುರ್ಚಿಯ ಹಿಂದೆ ಬಿಳಿ ಹಲಗೆ ಹಿಡಿದು ನಿಲ್ಲುವುದು. ಒಳ್ಳೆಯವನು. ಎಷ್ಟು ಒಳ್ಳೆಯವನೆಂದರೆ, ಇದ್ದಾನೆಂದೇ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ದಿನ ದೊಡ್ಡಮ್ಮ ಗೂಟವೆಂದುಕೊಂಡು ಅವನ ತೋಳಿಗೇ ಕೊಡೆ ನೇತುಹಾಕಿ ಹೋಗಿದ್ದರು. ಅವರು ಬರುವವರೆಗೂ ಪುಣ್ಯಾತ್ಮ ಕದಲಿರಲಿಲ್ಲ.

ಕೋಣೆಯಲ್ಲಿ ಅವನಿರಲಿಲ್ಲ. ಅವಳು ಮೇಜಿನ ಡ್ರಾಯರ್ ಎಳೆದಳು.

ಐದು ಕಣ್ಣುಗಳು. ಬಟ್ಟೆಯ ಮೇಲೆ ಸಾಲಾಗಿ ಕೂತು, ಐದೂ ಒಟ್ಟಿಗೆ ಅವಳನ್ನು ನೋಡಿದವು. ವಾಚ್‌ಮನ್‌ನದು ಒಂದು. ಉಳಿದ ನಾಲ್ಕು ಅವಳೇ ಸರಿಯಾಗಲಿಲ್ಲವೆಂದು ಬಿಸಾಕಿದ್ದವು. ಐದರಲ್ಲೂ ಅದೇ ತಿಳಿಕಂದು. ಅದೇ ಚುಕ್ಕೆ.

"ಮೇಡಂ..."

ಅವಳು ಚೀರುವುದೊಂದು ಬಾಕಿ. ಬಾಗಿಲಲ್ಲಿ ಪಾಲಿಶ್ ನಿಂತಿದ್ದ.

"ಇವೆಲ್ಲ ನಿಮ್ಮ ಹತ್ರ ಯಾಕಿವೆ?"

"ನೀವು ಬಿಸಾಕಿದ್ರಿ. ನನಗೆ ಬಿಸಾಕೋಕೆ ಮನಸ್ಸು ಬರಲಿಲ್ಲ."

"ನಾನು ಬರೆದದ್ದನ್ನ ನೀವು ಬದಲಾಯಿಸ್ತಿದ್ದೀರಾ? ನನ್ನ ಕೆಲಸ ಕಳೀಬೇಕು ಅಂತಲಾ?"

ಅವನು ನಿಂತಲ್ಲೇ ಬಿಳಿಚಿಕೊಂಡ. ಪುಡಿಯಲ್ಲಿ ಅದೂ ಕಾಣಲಿಲ್ಲ, ಪಾಪ. "ನಾನು ಶನಿವಾರ ಕೆಲಸ ಬಿಡ್ತಿದ್ದೀನಿ, ಮೇಡಂ. ದೊಡ್ಡಮ್ಮಂಗೆ ಹೇಳಿಯಾಯ್ತು. ನಾನಿಲ್ಲದಿದ್ರೆ ನಿಮ್ಮ ಕೈ ತಪ್ಪಲ್ಲ."

"ಅಂದ್ರೆ ಒಪ್ಕೊಂಡ ಹಾಗಾಯ್ತು."

ಅವನು ಬಂದು ಡ್ರಾಯರ್ ಮೆಲ್ಲಗೆ ಮುಚ್ಚಿದ.

"ನಾಳೆ ಹಲಗೆ ಹಿಡಿಯೋಕೆ ಬರಬೇಡಿ," ಎಂದು ಅವಳು ದುರದುರನೆ ಹೊರಟುಹೋದಳು. ಕಣ್ಣಲ್ಲಿ ನೀರು ಬಂದಿತ್ತು. ಕಳ್ಳ ಸಿಕ್ಕಿಬಿದ್ದ ಮೇಲೆ ಸಮಾಧಾನವಾಗಬೇಕಿತ್ತಲ್ಲ, ಅಳು ಯಾಕೆ ಎಂದು ಅವಳಿಗೂ ತಿಳಿಯಲಿಲ್ಲ.

ಕಂಡಕ್ಟರಮ್ಮ ಬೆಳಿಗ್ಗೆ ಹತ್ತಕ್ಕೇ ಬಂದು ಕೂತಳು. ಹಲಗೆ ಹಿಡಿದವರು ದೊಡ್ಡಮ್ಮ.

ಅವಳು ಬ್ರಷ್ ಎತ್ತಿ ಒಂದು ಗೆರೆ ಎಳೆದಳು. ದಣಿವಾರಿಸಿಕೊಳ್ಳಲು ತಲೆ ಎತ್ತಿದಳು. ದೊಡ್ಡಮ್ಮನ ಗಂಟುಮುಖ. ಇನ್ನೊಂದು ಗೆರೆ, ಮತ್ತೆ ತಲೆ ಎತ್ತಿದಳು. ಅವಳ ದೃಷ್ಟಿ ಹಲಗೆಯ ಮೇಲೆ ನಿಲ್ಲಲಿಲ್ಲ. ಅದರ ಅಂಚು ದಾಟಿ ಮೇಲಕ್ಕೆ ಹೋಗಿ ಏನನ್ನೋ ಹುಡುಕಿತು, ಸಿಗದೆ ವಾಪಸು ಬಂತು.

"ಏನೇ ಹಾಗೆ ನೋಡ್ತೀಯ? ನನ್ನ ಮುಖದಲ್ಲೇನಿದೆ? ಹಲಗೆ ಕೆಳಗಿದೆ," ಎಂದರು ದೊಡ್ಡಮ್ಮ.

ಬ್ರಷ್ ಗಾಳಿಯಲ್ಲೇ ನಿಂತಿತು.

ಹಲಗೆ ಹಿಡಿಯುವಾಗ ಅವನ ಮುಖದ ಮೇಲೆ ಕನ್ನಡಕ ಇರುತ್ತಿರಲಿಲ್ಲ. ಎಂಟು ತಿಂಗಳು, ದಿನಕ್ಕೆ ನೂರು ಸಲ ಅವಳು ತಲೆ ಎತ್ತಿದ್ದು ಬಿಳಿ ನೋಡಲಿಕ್ಕಲ್ಲ. ಅವಳಿಗೆ ಗೊತ್ತಿಲ್ಲದೆ ಅವಳ ಕಣ್ಣು ಹೋಗಿ ಅವನ ಕಣ್ಣಲ್ಲಿ ದಣಿವಾರಿಸಿಕೊಳ್ಳುತ್ತಿತ್ತು. ಅವಳ ಕೈ ಅದನ್ನೇ ತಂದು ಬರೆಯುತ್ತಿತ್ತು. ದೆವ್ವ ಗಿವ್ವ ಏನೂ ಇರಲಿಲ್ಲ... ಪಾಲಿಶ್ ಇದ್ದ.

ಮಧ್ಯಾಹ್ನದ ಹೊತ್ತಿಗೆ ಕಣ್ಣು ಮುಗಿಯಿತು. ದೊಡ್ಡಮ್ಮ ಕಿಟಕಿಗೆ ಹಿಡಿದು, ತಿರುಗಿಸಿ, ಕಂಡಕ್ಟರಮ್ಮನ ಕಣ್ಣಿಗೆ ಹೋಲಿಸಿ ನೋಡಿದರು. ಬಣ್ಣ ಒಂದಿಷ್ಟೂ ತಪ್ಪಿರಲಿಲ್ಲ. "ಹೋಗು, ನಿನ್ನ ಕೆಲಸ ಉಳೀತು," ಎಂದರು.

ಅವಳಾಗಲೇ ಹಿಂದಿನ ಕೋಣೆಗೆ ಓಡಿದ್ದಳು.

ಅವನು ಚಕ್ರ ಬಿಚ್ಚಿ ಒರೆಸುತ್ತಿದ್ದ.

"ಆ ಕನ್ನಡಕ ತೆಗೀರಿ."

"ಯಾಕೆ ಮೇಡಂ?"

"ತೆಗೀರಿ ಅಂದೆ."

ಅವನು ತೆಗೆದ. ಧೂಳಿನ ನಡುವೆ ಎರಡು ತಿಳಿಕಂದು ಕಣ್ಣುಗಳು. ಎಡಗಣ್ಣಿನಲ್ಲಿ ಪಾಪೆಯ ಕೆಳಗೆ ಆ ಹೊಂಬಣ್ಣದ ಚುಕ್ಕೆ.

ಇಷ್ಟು ದಿನ ಡಬ್ಬಿಯಲ್ಲಿದ್ದದ್ದು ಈಗ ಉಸಿರಾಡುತ್ತ ಎದುರು ನಿಂತಿತ್ತು.

"ನಿಮಗೆ ಗೊತ್ತಿತ್ತಾ?"

"ಮೊದಲನೇದು ಪಾಲಿಶ್ ಮಾಡುವಾಗಲೇ. ಕೈಯಲ್ಲಿ ಹಿಡ್ಕೊಂಡಿದ್ದೆ, ಅದು ನನ್ನನ್ನೇ ನೋಡ್ತು. ಹೆದರಿ ಕೈಬಿಟ್ಟೆ. ಎಲ್ಲೋ ಆಕಸ್ಮಿಕ ಅಂದ್ಕೊಂಡೆ."

"ಹೇಳಬಾರದಿತ್ತಾ?"

"ಏನಂತ ಹೇಳ್ಲಿ? ನೀವು ಒಂದು ದಿನಾನೂ ನನ್ನ ಮುಖ ನೋಡಿಲ್ಲ ಅಂತಲೇ ನನ್ನ ಲೆಕ್ಕ. ಹೇಳಿದ್ರೆ ನಿಮಗೆ ಮುಜುಗರ. ಹೇಳದಿದ್ರೆ ನಿಮ್ಮ ಕೆಲಸ ಹೋಗುತ್ತೆ. ನಾನು ಹೋಗೋದೇ ಸುಲಭ ಅನ್ನಿಸ್ತು."

"ನಾನು ನಿಮ್ಮ ಮೇಲೆ ತಪ್ಪು ಹೊರಿಸಿದೆ. ಆಗಲೂ ಬಾಯಿ ಬಿಡಲಿಲ್ಲವಲ್ಲ ನೀವು."

ಅವನು ನೆಲ ನೋಡಿದ. ಅವಳು ತೋಳು ಹಿಡಿದು ಅವನನ್ನು ಕಿಟಕಿಯ ಹತ್ತಿರ ಎಳೆದು ತಂದಳು. ನಡುಮಧ್ಯಾಹ್ನದ ಬಿಸಿಲು ಮುಖಕ್ಕೆ ರಾಚುತ್ತಿತ್ತು. ಅಂಥ ಬೆಳಕಿಗೆ ಯಾರ ಪಾಪೆಯಾದರೂ ಚುಕ್ಕಿಯಷ್ಟು ಕುಗ್ಗಬೇಕು. ಅವನದೂ ಕುಗ್ಗಿತು. ಅವನು ಕಿಟಕಿಯಿಂದ ದೃಷ್ಟಿ ತಿರುಗಿಸಿ ಅವಳನ್ನು ನೋಡಿದ. ಪಾಪೆ ನಿಧಾನವಾಗಿ ಅಗಲವಾಯಿತು. ಮುಖದ ಮೇಲಿನ ಬಿಸಿಲು ಹಾಗೇ ಇತ್ತು, ಆದರೂ ಅಗಲವಾಗುತ್ತಲೇ ಹೋಯಿತು.

ಇಷ್ಟವಾದವರನ್ನು ಕಂಡರೆ ಪಾಪೆ ಹೀಗೆ ಅರಳುತ್ತದೆಂದು ಅವಳಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

"ಯಾವಾಗಿಂದ?" ಅವಳು ಕೇಳಿದಳು.

"ಬಂದ ದಿನದಿಂದ."

"ನನಗೂ ನೀವಂದ್ರೆ ಇಷ್ಟ. ನನ್ನ ಕೈಗೆ ಮೊದಲೇ ಗೊತ್ತಾಗಿತ್ತು, ನನಗೆ ಇವತ್ತು ಗೊತ್ತಾಯ್ತು. ಶನಿವಾರ ಎಲ್ಲಿಗೂ ಹೋಗಬೇಡಿ. ಹಲಗೆ ಬೇರೆ ಯಾರಾದ್ರೂ ಹಿಡೀಲಿ. ನಿಮ್ಮನ್ನ ನೋಡಬೇಕು ಅನ್ನಿಸಿದಾಗ ನಾನೇ ಎದ್ದು ಬರ್ತೀನಿ."

ಅವನು ತಲೆಯಾಡಿಸಿದ. ರೆಪ್ಪೆ ಬಡಿಯದೆ ಅವಳನ್ನೇ ನೋಡುತ್ತ ನಿಂತ.

"ಯಾಕೆ ಹಾಗೆ ಕಣ್ಣು ಬಿಟ್ಕೊಂಡೇ ಇದ್ದೀರಿ? ನೀರು ಬರ್ತಾ ಇದೆ ನೋಡಿ."

"ಮಿಟುಕಿಸಿದ್ರೆ ನೀವು ಇರ್ತೀರೋ ಇಲ್ವೋ ಅಂತ..."

ಅವಳು ಅವನ ಕೆನ್ನೆಯ ಪುಡಿಯನ್ನು ಹೆಬ್ಬೆರಳಿನಿಂದ ಒರೆಸಿದಳು.

"ಮಿಟುಕಿಸಿ. ನಾನು ಇಲ್ಲೇ ಇರ್ತೀನಿ."