ದೋಷದ ಕಾಲಂನಲ್ಲಿ ಒಂದು ಸಾಲು

“ಆ ಕೀ ಕೊಡಿ. ಮುಂದಿನ ಸರದಿ ನನ್ನದು.”

“ಕೊಡೋಕಾಗಲ್ಲ... ಎಂಜಿನ್ ಒಂದು ಕ್ಷಣ ತಡವರಿಸ್ತು. ಬುಕ್ಕಲ್ಲಿ ಬರೆದಿದ್ದೀನಿ, ನೋಡಿ.”

ಸಾನ್ ನದಿ ದಂಡೆಯ ಆ ಪುಟ್ಟ ಫ್ಲೈಯಿಂಗ್ ಕ್ಲಬ್ಬಿನ ಕಿಟಕಿಯ ಮುಂದೆ ಇರ್ಮಿನಾ ಮತ್ತು ಕೊರ್ನೆಲ್ ಮೊದಲ ಸಲ ಮುಖಾಮುಖಿಯಾದದ್ದು ಹೀಗೆ. ಕನ್ನಡಕದ ಅಂಗಡಿಯಲ್ಲಿ ದುಡಿಯುವ ಹುಡುಗಿ ಅವಳು. ರೈಲ್ವೆ ಸಿಗ್ನಲ್ ವಿಭಾಗದವನು ಅವನು. ಅವನ ಕಣ್ಣುಗಳು ಎಷ್ಟು ಶಾಂತ ಎಂದು ಅವಳಿಗೆ ಆ ಕ್ಷಣದಲ್ಲೂ ಅನ್ನಿಸಿತ್ತು. ಹಾಗನ್ನಿಸಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು!

ಕ್ಲಬ್ಬಿನ ಕಟ್ಟಳೆ ಸರಳ. ವಿಮಾನ ಒಯ್ಯುವಾಗ ಕಿಟಕಿಯಲ್ಲಿ ಹೆಸರು ಬರೆಸಿ ಕೀ ಪಡೆಯಬೇಕು. ಮರಳಿದಾಗ ಅದೇ ಪುಸ್ತಕದಲ್ಲಿ ಹಾರಿದ ಸಮಯ, ಉಳಿದ ಇಂಧನ, ಕಂಡ ದೋಷ ಎಲ್ಲ ಬರೆಯಬೇಕು. ದೋಷದ ಕಾಲಂನಲ್ಲಿ ಒಂದೇ ಒಂದು ಸಾಲು ಬಿದ್ದರೂ ಸಾಕು, ಕಿಟಕಿಯೊಳಗಿನ ಪಾನಿ, ಎಂದರೆ ಶ್ರೀಮತಿ, ಬೊಗುಮಿಲಾ ಕೀಯನ್ನು ಕೆಂಪು ಮೊಳೆಗೆ ನೇತುಹಾಕುತ್ತಾರೆ. ಮೆಕ್ಯಾನಿಕ್ ಝೆನೋನ್ ಸಹಿ ಹಾಕುವ ತನಕ ದೇವರೇ ಬಂದು ಕೇಳಿದರೂ ಆ ಕೀ ಕೆಳಗಿಳಿಯದು.

ಅಂದು ರಾಷ್ಟ್ರೀಯ ತಂಡಕ್ಕೆ ಆಯ್ಕೆಯ ದಿನ. ರನ್‌ವೇ ಮೇಲಿನ ಬಿಳಿ ಗೆರೆಯ ಮೇಲೇ ಚಕ್ರ ಊರಬೇಕು. ಎಷ್ಟು ಮೀಟರ್ ತಪ್ಪಿದರೆ ಅಷ್ಟು ತಪ್ಪಂಕ. ಎಲ್ಲರಿಗೂ ಒಂದೇ ವಿಮಾನ, ತಂಡದಲ್ಲಿ ಖಾಲಿ ಸೀಟೂ ಒಂದೇ. ಝೆನೋನ್ ಎಂಜಿನ್ ಬಿಚ್ಚಿ ಕೂರುವಷ್ಟರಲ್ಲಿ ಮೋಡ ಕವಿದು ಇರ್ಮಿನಾಳ ಹಾರಾಟ ರದ್ದಾಯಿತು. ಹಾರಾಟ ಮುಗಿಸಿದವರ ಅಂಕವಷ್ಟೇ ಲೆಕ್ಕ ಎಂಬ ನಿಯಮದಂತೆ ಸೀಟು ಕೊರ್ನೆಲ್‌ಗೆ ಹೋಯಿತು.

‘ನನ್ನ ಸರದಿಗೆ ಸರಿಯಾಗಿ ಎಂಜಿನ್ ತಡವರಿಸಿತಂತೆ! ಇವನ ನಾಟಕ ನನಗೆ ಗೊತ್ತಾಗುವುದಿಲ್ಲವೇ?’

ಅಂದಿನಿಂದ ಒಂದು ವರ್ಷ ಅವಳು ಅವನೊಂದಿಗೆ ಮಾತು ಬಿಟ್ಟಳು. ಅವನು ಟೀ ತಂದಿಟ್ಟರೆ ಅದು ಅಲ್ಲೇ ಆರುತ್ತಿತ್ತು. ಹ್ಯಾಂಗರಿನ ಭಾರದ ಬಾಗಿಲನ್ನು ಅವನು ಅವಳಿಗಾಗಿ ತಳ್ಳಿ ನಿಂತರೆ ಅವಳು ಪಕ್ಕದ ಚಿಕ್ಕ ಬಾಗಿಲಿನಿಂದ ಹೋಗುತ್ತಿದ್ದಳು. ಆದರೂ ಅವನು ಹಾರಲು ಹೋದ ದಿನ ಅವನ ವಿಮಾನ ಇಳಿಯುವ ತನಕ ಅವಳು ಮನೆಗೆ ಹೊರಡುತ್ತಿರಲಿಲ್ಲ. ಯಾಕೆ ಅಂತ ಕೇಳಬೇಡಿ, ಅವಳಿಗೇ ಗೊತ್ತಿರಲಿಲ್ಲ.

ಈ ವರ್ಷ ಮತ್ತೆ ಆಯ್ಕೆಯ ದಿನ ಬಂತು.

ಮೂರನೆಯ ಸುತ್ತಿನ ಹೊತ್ತಿಗೆ ಉಳಿದದ್ದು ಇಬ್ಬರೇ. ಇರ್ಮಿನಾ ತನ್ನ ಮೂರೂ ಇಳಿತ ಮುಗಿಸಿದಾಗ ಒಟ್ಟು ಏಳು ಮೀಟರ್ ತಪ್ಪು. ಕೊರ್ನೆಲ್‌ಗೆ ಎರಡು ಇಳಿತಕ್ಕೆ ಎರಡೇ ಮೀಟರ್. ಒಂದು ಇಳಿತ ಬಾಕಿ. ಗೆಲುವು ಅವನ ಕೈಗೆ ಬಂದಂತೆಯೇ ಇತ್ತು.

ವಿಮಾನವನ್ನು ನೆಲದ ಮೇಲೆ ಓಡಿಸಿಕೊಂಡು ಬರುವಾಗ ಅವಳ ಎಡಗಾಲಿಗೆ ಬ್ರೇಕ್ ಒಂದಿಷ್ಟು ಮೆತ್ತಗೆ ಸಿಕ್ಕಿತು. ಮತ್ತೆ ಒತ್ತಿದಳು... ಸರಿಯಾಗಿದೆ. ಮೂರನೆಯ ಸಲ ಮತ್ತೆ ಮೆತ್ತಗೆ.

ಕಿಟಕಿಯ ಮುಂದೆ ನಿಂತು ಪೆನ್ನನ್ನು ದೋಷದ ಕಾಲಂವರೆಗೆ ತಂದಳು.

ಬರೆದರೆ ಕೀ ಕೆಂಪು ಮೊಳೆಗೆ ಹೋಗುತ್ತದೆ. ಕೊರ್ನೆಲ್ ಹಾರುವಂತಿಲ್ಲ. ಸೀಟು ಅವಳದೇ! ಇಡೀ ಕ್ಲಬ್ಬು ಏನೆನ್ನುತ್ತದೆ? ಅವಳು ಅವನ ಬಗ್ಗೆ ವರ್ಷವಿಡೀ ಅಂದದ್ದನ್ನೇ ಅನ್ನುತ್ತದೆ. ಬರೆಯದಿದ್ದರೆ ಯಾರಿಗೂ ತಿಳಿಯದು, ಹೆಸರೂ ಕೆಡದು. ಆದರೆ ಬ್ರೇಕ್ ಕೈಕೊಟ್ಟು ಅವನು ರನ್‌ವೇ ಪಕ್ಕದ ಕಾಲುವೆಗೆ ಬಿದ್ದರೆ...

‘ಅಯ್ಯೋ ದೇವರೇ... ಅವನೂ ಅವತ್ತು ಇದೇ ಜಾಗದಲ್ಲಿ ಹೀಗೇ ನಿಂತಿದ್ದನಲ್ಲ!’

ಅವಳ ಕಣ್ಣು ತುಂಬಿ ಬಂತು. ಒಂದು ವರ್ಷದ ಸಿಟ್ಟೆಲ್ಲ ಅಲ್ಲೇ ಕರಗಿ ನಾಚಿಕೆಯಾಯಿತು. ಅವಳು ಬರೆದಳು: ಎಡ ಬ್ರೇಕ್ ಮೆತ್ತಗಿದೆ.

ನಿರೀಕ್ಷಿಸಿದಂತೆಯೇ ಹಿಂದಿನಿಂದ ಗುಸುಗುಸು ಎದ್ದಿತು. ಹಾವಿನ ದ್ವೇಷ ಹನ್ನೆರಡು ವರ್ಷ ಅಂತಾರೆ, ಇವಳದು ಒಂದೇ ವರ್ಷಕ್ಕೆ ತೀರಿತು ಎಂದು ಯಾರೋ ನಕ್ಕರು. ತೀರ್ಪುಗಾರರು ನಿಯಮದ ಪುಸ್ತಕ ತೆರೆದು, ಮೂರೂ ಇಳಿತ ಮುಗಿಸಿದವಳು ಅವಳೊಬ್ಬಳೇ ಆದ್ದರಿಂದ ಗೆದ್ದದ್ದು ಇರ್ಮಿನಾ ಎಂದು ಸಾರಲು ಹೊರಟರು.

ಅವಳು ಅಡ್ಡ ಬಂದಳು.

“ಬೇಡ. ರಿಪೇರಿ ಆಗೋ ತನಕ ಕಾಯೋಣ. ಅವರು ಹಾರಲಿ. ಆಮೇಲೆ ಯಾರು ಗೆದ್ರೂ ನಂಗೆ ಒಪ್ಪಿಗೆ.”

ಗುಸುಗುಸು ಅಲ್ಲಿಗೇ ನಿಂತಿತು. ಕೊರ್ನೆಲ್ ಮಾತ್ರ ಅವಳನ್ನೇ ನೋಡುತ್ತಿದ್ದ. ಆ ನೋಟ ಎದುರಿಸಲಾಗದೆ ಅವಳು ತಲೆ ತಗ್ಗಿಸಿದಳು.

ಝೆನೋನ್ ಬಿಚ್ಚಿ ನೋಡಿದರೆ ಬ್ರೇಕಿನ ಕೊಳವೆ ಸವೆದು ಎಣ್ಣೆ ಜಿನುಗುತ್ತಿತ್ತು. ಇನ್ನೊಂದು ಇಳಿತಕ್ಕೆ ಖಂಡಿತ ಒಡೆಯುತ್ತಿತ್ತು ಎಂದ ಮುದುಕ, ಎಣ್ಣೆಗೈ ಒರೆಸಿಕೊಳ್ಳುತ್ತ ಅವಳಿಗಷ್ಟೇ ಕೇಳುವಂತೆ ಹೇಳಿದ:

“ಹೋದ ವರ್ಷಾನೂ ಆ ಹುಡುಗ ಬರೆದಿದ್ದು ನಿಜಾನೇ ಕಣಮ್ಮ. ನೀನು ಒಂದಿನಾನೂ ಬಂದು ಕೇಳಲಿಲ್ಲ.”

ಒಂದೂವರೆ ಗಂಟೆಯ ಮೇಲೆ ಝೆನೋನ್ ಸಹಿ ಬಿತ್ತು, ಕೀ ಇಳಿಯಿತು, ಕೊರ್ನೆಲ್ ಏರಿದ. ಇರ್ಮಿನಾ ರನ್‌ವೇ ಬದಿಗೆ ಹೋಗಿ ನಿಂತಳು. ‘ಅವನು ಕ್ಷೇಮವಾಗಿ ಇಳಿಯಲಿ... ಆದರೆ ನಾನೇ ಗೆಲ್ಲಲಿ!’ ಮನುಷ್ಯರ ಮನಸ್ಸೇ ಅಷ್ಟು, ಎರಡೂ ಬೇಕು.

ವಿಮಾನ ಬಿಳಿ ಗೆರೆ ದಾಟಿ ನೆಲ ಮುಟ್ಟಿತು. ಅಳತೆ ಟೇಪು ಎಳೆದರು. ಆರು ಮೀಟರ್!

ಎರಡಕ್ಕೆ ಆರು ಸೇರಿ ಎಂಟು. ಇರ್ಮಿನಾಳದು ಏಳು.

ಒಂದೇ ಒಂದು ಮೀಟರಿನಿಂದ ಗೆದ್ದಿದ್ದಳು! ಮೊದಲು ನಕ್ಕವರೇ ಅವಳನ್ನು ಎತ್ತಿ ಕುಣಿಸಿದರು. ಪಾನಿ ಬೊಗುಮಿಲಾ ಕಿಟಕಿ ಬಿಟ್ಟು ಹೊರಗೆ ಬಂದು ಅಪ್ಪಿಕೊಂಡರು.

ಗದ್ದಲ ಮುಗಿದಾಗ ಕೊರ್ನೆಲ್ ಕಿಟಕಿಯ ಬಳಿ ಪುಸ್ತಕ ತುಂಬುತ್ತಿದ್ದ. ಅವಳು ಹತ್ತಿರ ಹೋದಳು.

“ಬೇಕಂತ ಸೋತ್ರಾ?”

“ಛೆ, ಇಲ್ಲ. ಗೆಲ್ಲೋಕೇ ಹಾರಿದ್ದು. ಬಿಟ್ಟುಕೊಟ್ಟಿದ್ರೆ ನಿಮಗೆ ಅವಮಾನ ಮಾಡಿದ ಹಾಗಾಗ್ತಿತ್ತು.”

ಅವಳು ಇನ್ನೊಂದು ಹೆಜ್ಜೆ ಮುಂದಿಟ್ಟಳು. “ಒಂದು ವರ್ಷ ನಿಮ್ಮನ್ನ ಮೋಸಗಾರ ಅಂದ್ಕೊಂಡಿದ್ದೆ. ತಪ್ಪು ನಂದು, ಕ್ಷಮಿಸಿ... ನಾನು ಅಷ್ಟೆಲ್ಲ ದೂರ ಇಟ್ರೂ ಯಾಕೆ ಟೀ ತರ್ತಾನೇ ಇದ್ರಿ?”

“ನೀವಂದ್ರೆ ನಂಗೆ ಪ್ರಾಣ, ಅದಕ್ಕೆ,” ಎಂದ ಅವನು, ಎಲ್ಲೂ ತಡವರಿಸದೆ.

ಅವಳ ಕೆನ್ನೆ ಕೆಂಪಾಯಿತು. ಅವನ ಕೈಯಿಂದ ಪೆನ್ನು ಕಿತ್ತುಕೊಂಡು ಪುಸ್ತಕದ ಮುಂದಿನ ಪುಟ ತೆರೆದಳು. ಬರುವ ಭಾನುವಾರ, ಪೈಲಟ್: ಇರ್ಮಿನಾ. ಅದರ ಕೆಳಗಿನ ಸಾಲಿನಲ್ಲಿ ಪೆನ್ನು ನಿಲ್ಲಿಸಿ ಕೇಳಿದಳು:

“ಪಕ್ಕದ ಸೀಟಿಗೆ ಯಾರ ಹೆಸರು ಬರೀಲಿ?”

“ನನ್ನದು. ಎಷ್ಟು ಹೊತ್ತಿಗೆ ವಾಪಸ್ಸು?”

“ಗೊತ್ತಿಲ್ಲ,” ಎಂದಳು ಅವಳು, ಕಣ್ಣೀರಿನಲ್ಲೇ ನಗುತ್ತ. “ಇಂಧನ ಮುಗಿಯೋ ತನಕ ಜೊತೆಗಿರು.”