ಕೆಲಸ ಸಿಕ್ಕವರನ್ನು ನೋಡಲು ಹೋದವಳು

"ನನ್ನ ಕೆಲಸ ಕಿತ್ಕೊಂಡೋರು ನೀವೇನಾ?"

ಜಯನಗರದ ಆ ಕಾನ್ವೆಂಟ್ ಶಾಲೆಯ ಗೇಟಿನ ಮುಂದೆ ನಿಂತಿದ್ದ ಯುವಕ ಬೆಚ್ಚಿಬಿದ್ದು ಹಿಂದಿರುಗಿ ನೋಡಿದ. ಹಸಿರು ವಾಯಿಲ್ ಸೀರೆ ಉಟ್ಟ ಹುಡುಗಿಯೊಬ್ಬಳು ಅವನನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದಳು.

"ಯಾವ ಕೆಲಸ ಮೇಡಂ?"

"ಕನ್ನಡ ಟೀಚರ್ ಕೆಲಸ! ಇನ್ಯಾವ್ದು? ಇಸ್ತ್ರಿ ಷರ್ಟು, ಪಾಲಿಶ್ ಹಾಕಿದ ಶೂಸು... ನೋಡಿದ್ರೇ ಗೊತ್ತಾಗುತ್ತೆ. ಹೇಳಿ, ನನಗಿಂತ ನಿಮ್ಮಲ್ಲಿ ಏನು ಹೆಚ್ಚಿಗೆ ಇದೆ?"

ಅವನು ಅವಳನ್ನೇ ನೋಡಿದ. ಆಮೇಲೆ ನಕ್ಕುಬಿಟ್ಟ!

"ನಗ್ತೀರಾ? ನಾಚ್ಕೆ ಆಗಲ್ವಾ ನಿಮ್ಗೆ?"

"ಅಯ್ಯೋ, ಬೈಬೇಡಿ ಮೇಡಂ... ಆ ಕೆಲಸ ನನಗೂ ಸಿಗಲಿಲ್ಲ. ಯಾರಿಗೆ ಸಿಕ್ತು ಅಂತ ನೋಡ್ಕೊಂಡು ಹೋಗೋಣ ಅಂತ ನಾನೂ ಬಂದೆ!"

ಅವಳು ದುರುಗುಟ್ಟುವುದನ್ನು ನಿಲ್ಲಿಸಿದಳು.

ಇದು ಅವಳಿಗೆ ಅಂಟಿದ್ದ ಕೆಟ್ಟ ಚಾಳಿ. ಇಂಟರ್‌ವ್ಯೂನಲ್ಲಿ ಸೋತ ಮೇಲೆ ಎಲ್ಲರೂ ಮನೆಯಲ್ಲಿ ಕೂತು ಅಳುತ್ತಾರೆ. ಇವಳು ಜರಗನಹಳ್ಳಿಯಿಂದ ಬಸ್ಸು ಹತ್ತಿ, ಆ ಕೆಲಸ ಸಿಕ್ಕವರನ್ನು ಕಣ್ಣಾರೆ ನೋಡಲು ಬರುತ್ತಿದ್ದಳು! ಅವರ ಇಂಗ್ಲಿಷು, ಅವರ ತಲೆಗೂದಲು, ಅವರ ಚಪ್ಪಲಿ ಎಲ್ಲವನ್ನೂ ತನ್ನದರ ಜೊತೆ ತೂಗಿ ನೋಡುವುದು. ಆಮೇಲೆ ಮನೆಗೆ ಹೋಗಿ ಕನ್ನಡಿ ಮುಂದೆ ನಿಂತು ಕಣ್ಣೀರು ಹಾಕುವುದು. ಬಿ.ಎ., ಬಿ.ಎಡ್. ಮಾಡಿದ ಹುಡುಗಿಗೆ ಇದೆಲ್ಲ ಬೇಕಿತ್ತಾ? ಆದರೆ ಮನಸ್ಸು ಕೇಳಬೇಕಲ್ಲ!

ಅಷ್ಟರಲ್ಲಿ ಶಾಲೆಯ ಬೆಲ್ ಹೊಡೆಯಿತು. ಬಾಬ್ ಕಟ್ ಮಾಡಿಸಿಕೊಂಡಿದ್ದ ಟೀಚರ್ ಒಬ್ಬಳು ಮಕ್ಕಳೊಡನೆ ಪಟಪಟ ಇಂಗ್ಲಿಷ್ ಮಾತಾಡುತ್ತಾ ಹೊರಗೆ ಬಂದಳು. ಇವರಿಬ್ಬರೂ ಗಡಬಡಿಸಿ ಹೊಂಗೆ ಮರದ ಹಿಂದೆ ಸರಿದರು.

"ಅವರೇ. ವಿಮಲಾ ಅಂತ ಹೆಸರು, ವಾಚ್‌ಮನ್ ಹೇಳಿದ," ಎಂದು ಅವನು ಪಿಸುಗುಟ್ಟಿದ. "ನನಗಿಂತ ಎತ್ತರ ಇದಾರೆ ಕಣ್ರೀ..."

"ಗಂಡಸಾಗಿ ಅವರ ಜೊತೆ ಎತ್ತರ ಹೋಲಿಸ್ಕೋತೀರಾ?"

"ಹೊಟ್ಟೆಕಿಚ್ಚಿಗೆ ಗಂಡು, ಹೆಣ್ಣು ಅಂತ ಇದೆಯಾ ಮೇಡಂ?"

ಅವಳಿಗೆ ನಗು ತಡೆಯಲಾಗಲಿಲ್ಲ. ಎಷ್ಟು ದಿನದ ಮೇಲೆ ನಕ್ಕಿದ್ದಳೋ ಪಾಪ!

"ನಿಮ್ಮ ಹೆಸರು?" ಎಂದಳು.

"ಪಿಳ್ಳಣ್ಣ. ಯಡಿಯೂರು. ನೀವು ಬೇರೆ ನಗಬೇಡಿ, ಇಂಟರ್‌ವ್ಯೂ ಮಾಡಿದೋರು ಆಗ್ಲೇ ನಕ್ಕಾಗಿದೆ. ಎಂ.ಎ. ಕನ್ನಡ ಅಂತ ನೋಡಲ್ಲ, ಹೆಸರು ನೋಡಿ ನಗ್ತಾರೆ."

"ನಾನ್ಯಾಕೆ ನಗ್ಲಿ... ನನ್ನ ಹೆಸರು ಅಣ್ಣಮ್ಮ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ವಿಮಲಾ ಮೇಡಂ ತಿರುಗಿ ನೋಡಿ, ಯಾರೋ ಹುಚ್ಚರಿರಬೇಕು ಎಂದುಕೊಂಡು ಹೋದಳು.

ಅಂದಿನಿಂದ ಅವರಿಬ್ಬರೂ ಜೊತೆ. ಎಲ್ಲಿ ಕನ್ನಡ ಟೀಚರ್ ಬೇಕಂದರೂ ಅಲ್ಲಿ ಇಬ್ಬರೂ ಹಾಜರು. ಇಬ್ಬರೂ ಸೋಲುವುದು, ಆಮೇಲೆ ಗೆದ್ದವರನ್ನು ಜೋಡಿಯಾಗಿ ಹೋಗಿ ನೋಡುವುದು, ಪಕ್ಕದ ಹೋಟೆಲಿನಲ್ಲಿ ಬೈ-ಟೂ ಕಾಫಿ ಕುಡಿಯುತ್ತಾ ಅವರಲ್ಲಿ ಹುಳುಕು ಹುಡುಕುವುದು! ಅಣ್ಣಮ್ಮ ಈಗ ಕನ್ನಡಿ ಮುಂದೆ ಅಳುತ್ತಿರಲಿಲ್ಲ. ಅವನು ಹೇಳಿದ್ದನ್ನು ನೆನೆಸಿಕೊಂಡು ಒಬ್ಬಳೇ ನಗುತ್ತಿದ್ದಳು.

'ಇದೇನಾಗ್ತಿದೆ ನನಗೆ?' ಎಂದು ಅವಳಿಗೇ ಗಾಬರಿ. ಏನಾಗುತ್ತಿದೆ ಎಂದು ನಿಮಗೂ ನನಗೂ ಗೊತ್ತು ಬಿಡಿ.

ಹೀಗಿರುವಾಗ ಜೆ.ಪಿ. ನಗರದಲ್ಲಿ ಹೊಸದಾಗಿ ಶುರುವಾಗಿದ್ದ ಶಾಲೆಯೊಂದರಿಂದ ಇಬ್ಬರಿಗೂ ಕರೆ ಬಂತು. ಅಲ್ಲಿನ ಹೆಡ್‌ಮಿಸ್ಟ್ರೆಸ್ ಸೀತಾಲಕ್ಷ್ಮಿ ಮೇಡಂ ಬೇರೆಯೇ ಥರದವರು. ಸರ್ಟಿಫಿಕೇಟು ಮೂಸಿಯೂ ನೋಡುತ್ತಿರಲಿಲ್ಲ. "ಎರಡನೇ ಕ್ಲಾಸಿಗೆ ಹೋಗಿ ಪಾಠ ಮಾಡಿ, ನಾನು ಲಾಸ್ಟ್ ಬೆಂಚಲ್ಲಿ ಕೂತಿರ್ತೀನಿ" ಎನ್ನುತ್ತಿದ್ದರು. ಆ ಮಕ್ಕಳ ಮನೆಮಾತು ಒಂದೊಂದು ಬಗೆ. ಒಬ್ಬನದು ತಮಿಳು, ಒಬ್ಬಳದು ತೆಲುಗು, ಮತ್ತೊಬ್ಬನದು ಹಿಂದಿ. ಕನ್ನಡ ಪೀರಿಯಡ್ ಎಂದರೆ ಅವರಿಗೆಲ್ಲ ಗಲಾಟೆಯ ಹಬ್ಬ.

ಇಂಟರ್‌ವ್ಯೂನ ಹಿಂದಿನ ಸಂಜೆ ಬಸ್ ಸ್ಟಾಪಿನಲ್ಲಿ ಪಿಳ್ಳಣ್ಣ ಹೇಳಿದ, "ಈ ಸಲ ನಿಮಗೇ ಸಿಗಬೇಕು ಅಣ್ಣಮ್ಮನೋರೆ."

ಅವನ ದನಿಯಲ್ಲಿ ಏನೋ ಇತ್ತು.

ಮರುದಿನ ಮೊದಲು ಒಳಗೆ ಹೋದವನು ಅವನೇ. ಹೊರಗೆ ಬೆಂಚಿನ ಮೇಲೆ ಕೂತ ಅಣ್ಣಮ್ಮ ಕಿವಿಗೊಟ್ಟು ಕೇಳಿದಳು. ಕಲ್ಲನ್ನೂ ನಗಿಸುವ ಮಾತುಗಾರ ಅವನು. ಆದರೆ ಇಂದು ಇದೇನು? ಮಾತು ತೊದಲುತ್ತಿದೆ, ಮಕ್ಕಳು ಗಲಾಟೆ ಮಾಡುತ್ತಿವೆ, ಅವನು ಮತ್ತೆ ಮತ್ತೆ "ಸೈಲೆನ್ಸ್" ಎನ್ನುತ್ತಿದ್ದಾನೆ...

ಹೊರಗೆ ಬಂದವನು ಅವಳ ಮುಖ ನೋಡಲಿಲ್ಲ.

ಅವಳ ಸರದಿ ಬಂತು. ಮಕ್ಕಳ ಗದ್ದಲದ ನಡುವೆ ಅವಳು ಬೋರ್ಡಿನ ಮುಂದೆ ಹೋಗಿ ನಿಂತಳು. ಕಣ್ಣ ಮುಂದೆ ಆ ವಿಮಲಾ ಬಂದಳು, ಇನ್ನೊಂದು ಶಾಲೆಯ ಸ್ಟೈಲಿನ ಮೇಡಂ ಬಂದಳು, ಎಲ್ಲರೂ ಸಾಲಾಗಿ ಬಂದು ನಿಂತರು.

'ವಿಮಲಾ ಇದ್ದಿದ್ರೆ ಏನ್ ಮಾಡ್ತಿದ್ಲು? ಜೋರಾಗಿ ಇಂಗ್ಲಿಷಲ್ಲಿ ಗದರ್ತಿದ್ಲು. ನನಗೆ ಅದು ಬರಲ್ಲ... ಬರಲ್ಲ ಅಂದ್ರೆ ಬರಲ್ಲ! ಅವಳು ಏನಾದ್ರೂ ಮಾಡ್ಕೊಳ್ಳಲಿ. ನನಗೇನು ಬರುತ್ತೆ?'

ಅಣ್ಣಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಕುಂಟೆಬಿಲ್ಲೆಯ ಮನೆಗಳನ್ನು ಗೀಚಿದಳು. ಒಂದೊಂದು ಮನೆಗೆ ಒಂದೊಂದು ಅಕ್ಷರ. ಬಿಲ್ಲೆ ಬಿದ್ದ ಅಕ್ಷರದಿಂದ ಶುರುವಾಗುವ ಒಂದು ಕನ್ನಡ ಪದ ಹೇಳಿದರೆ ಮಾತ್ರ ಮುಂದಕ್ಕೆ ಕುಂಟಬೇಕು!

ಮೊದಲು ಒಬ್ಬಳು ಬಂದಳು. ಆಮೇಲೆ ಎಲ್ಲರೂ ಮುಗಿಬಿದ್ದರು. "ಅವರೆಕಾಳು!" "ಕತ್ತೆ!" "ಬಸ್ಸು!" ಎಂದು ಕೂಗಾಟ. ಬಸ್ಸು ಕನ್ನಡವಾ ಇಂಗ್ಲಿಷಾ ಎಂದು ಜಗಳ ಬೇರೆ! ಕೊನೆಗೆ ಲಾಸ್ಟ್ ಬೆಂಚಿನಿಂದ ಸೀತಾಲಕ್ಷ್ಮಿ ಮೇಡಮ್ಮೇ ಎದ್ದು ಬಂದು, ಚಪ್ಪಲಿ ಬಿಟ್ಟು, ಒಂಟಿಕಾಲಲ್ಲಿ ಕುಂಟಿದರು.

"ಶನಿವಾರ ಬನ್ನಿ, ಹೇಳ್ತೀನಿ," ಎಂದರು ಏದುಸಿರು ಬಿಡುತ್ತಾ.

ಅಣ್ಣಮ್ಮ ಕುಣಿಯುತ್ತಾ ಹೊರಗೆ ಓಡಿಬಂದಳು. ಪಿಳ್ಳಣ್ಣ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದ.

"ಬನ್ನಿ, ಕಾಫಿ ಕುಡಿಯೋಣ!"

"ನೀವು ಹೋಗಿ. ನನಗೆ ಸ್ವಲ್ಪ ಕೆಲಸ ಇದೆ."

ಅಷ್ಟೇ. ಆಮೇಲೆ ಅವನು ಬಸ್ ಸ್ಟಾಪಿಗೂ ಬರಲಿಲ್ಲ. ಕಾದು ಕಾದು ಅವಳ ಮನಸ್ಸಿನಲ್ಲಿ ಒಂದು ಅನುಮಾನ ಹುಟ್ಟಿತು. 'ನಿಮಗೇ ಸಿಗಬೇಕು ಅಂದ್ರಲ್ಲ... ಬೇಕಂತಲೇ ಕೆಟ್ಟದಾಗಿ ಪಾಠ ಮಾಡಿದ್ರಾ? ನನಗೋಸ್ಕರ ಬಿಟ್ಕೊಟ್ರಾ? ಅಂದ್ರೆ... ನಾನು ನಿಜವಾಗಿ ಗೆಲ್ತೀನಿ ಅಂತ ಅವರಿಗೂ ನಂಬಿಕೆ ಇರಲಿಲ್ವಾ?'

ಬೇರೆ ಯಾರು ಅವಳನ್ನು ಕೀಳು ಅಂದುಕೊಂಡಿದ್ದರೂ ಸಹಿಸುತ್ತಿದ್ದಳು. ಅವನು?

ಶನಿವಾರ ಸೀತಾಲಕ್ಷ್ಮಿ ಮೇಡಂ ನಗುನಗುತ್ತಾ ಹೇಳಿದರು, "ಸೋಮವಾರದಿಂದ ಸೇರ್ಕೊಳ್ಳಮ್ಮ!"

ಎಷ್ಟು ವರ್ಷ ಕಾದಿದ್ದ ಮಾತು! ಅಣ್ಣಮ್ಮ ಬಿಕ್ಕಿ ಬಿಕ್ಕಿ ಅತ್ತಳು.

"ಬೇಡ ಮೇಡಂ... ಈ ಕೆಲಸ ಪಿಳ್ಳಣ್ಣನೋರು ನನಗೆ ಬಿಟ್ಕೊಟ್ಟಿದ್ದು. ಭಿಕ್ಷೆ ನನಗೆ ಬೇಡ."

"ಬಿಟ್ಕೊಟ್ರಾ? ಯಾರು, ಅವರಾ?" ಮೇಡಂ ಗೊಳ್ಳೆಂದು ನಕ್ಕರು. "ಅಯ್ಯೋ ಹುಚ್ಚಿ! ನೀನು ಹೋದ್ಮೇಲೆ ಬಂದು, 'ಇನ್ನೊಂದು ಸಲ ಪಾಠ ಮಾಡ್ತೀನಿ ಮೇಡಂ, ಭಯಕ್ಕೆ ಮಾತೇ ಬರಲಿಲ್ಲ' ಅಂತ ದುಂಬಾಲು ಬಿದ್ರು. ಮಾಡಿ ಅಂದೆ. ಎಷ್ಟು ಚೆನ್ನಾಗಿ ಮಾಡಿದ್ರು ಗೊತ್ತಾ? ಆದ್ರೆ ಮುಗಿದ್ಮೇಲೆ ಮಕ್ಕಳೆಲ್ಲ ಅವರನ್ನೇ ಕೇಳಿದ್ವು, 'ಕುಂಟೆಬಿಲ್ಲೆ ಮಿಸ್ ಯಾವಾಗ ಬರ್ತಾರೆ?' ಅಂತ!"

ಅಣ್ಣಮ್ಮನ ಅಳು ನಿಂತಿತು.

"ಅಂದ್ರೆ... ನನ್ನನ್ನ ಸೋಲಿಸೋಕೆ ಎರಡು ಸಲ ನೋಡಿದ್ರಾ?"

"ಎರಡು ಸಲಾನೂ ನೀನೇ ಗೆದ್ದೆ."

ಆಹಾ! ಅವಳ ಬದುಕಿನಲ್ಲಿ ಇದಕ್ಕಿಂತ ಸಿಹಿಯಾದ ಸುದ್ದಿ ಯಾರೂ ಹೇಳಿರಲಿಲ್ಲ. "ಸೋಮವಾರ ಬರ್ತೀನಿ ಮೇಡಂ!" ಎಂದವಳೇ ಯಡಿಯೂರಿನ ಬಸ್ಸು ಹತ್ತಿದಳು.

ಕೆರೆಯ ಹತ್ತಿರದ ಓಣಿಯಲ್ಲಿ ಪಿಳ್ಳಣ್ಣನ ಮನೆ. ಅಂಗಳದಲ್ಲಿ ಸೈಕಲ್ ತೊಳೆಯುತ್ತಿದ್ದವನು ಅವಳನ್ನು ಕಂಡು ನಿಂತಲ್ಲೇ ನಿಂತ.

"ಎರಡು ಸಲ ಪಾಠ ಮಾಡಿದ್ರಂತೆ!"

ಅವನ ಮುಖ ಇಳಿಯಿತು. "ತಪ್ಪಾಯ್ತು ಅಣ್ಣಮ್ಮನೋರೆ. ಬಾಯಲ್ಲಿ ನಿಮಗೇ ಸಿಗ್ಲಿ ಅಂದೆ. ಕಿಟಕಿಯಿಂದ ನಿಮ್ಮ ಪಾಠ ನೋಡ್ದೆ, ಹೊಟ್ಟೆ ಉರೀತು. ನಿಮ್ಮ ಬಾಯಿಗೆ ಬಂದ ತುತ್ತು ಕಿತ್ಕೊಳ್ಳೋಕೆ ಹೋದೆ. ಯಾವ ಮುಖ ಇಟ್ಕೊಂಡು ನಿಮ್ಮೆದುರು ಬರ್ಲಿ?"

"ನೀವು ಬಿಟ್ಕೊಟ್ರಿ ಅನ್ಕೊಂಡು ನಾನು ಎಷ್ಟು ಅತ್ತೆ ಗೊತ್ತಾ? ಪೂರ್ತಿ ಪ್ರಯತ್ನ ಪಟ್ರಿ ತಾನೆ? ನಿಜ ಹೇಳಿ!"

"ದೇವರಾಣೆಗೂ ಪ್ರಾಣ ಬಿಟ್ಟು ಮಾಡ್ದೆ. ನಿಮ್ಮ ಮುಂದೆ ಆಗಲಿಲ್ಲ."

ಅಣ್ಣಮ್ಮ ಅಳುತ್ತಲೇ ನಕ್ಕಳು. "ಅಷ್ಟೊಂದು ಯಾಕೆ ಬೇಕಿತ್ತು ಆ ಕೆಲಸ?"

ಅವನು ಕೈಯಲ್ಲಿದ್ದ ಒದ್ದೆ ಬಟ್ಟೆ ಹಿಂಡುತ್ತಾ ನಿಂತ. "ಕೆಲಸ ಸಿಕ್ಕಿದ್ರೆ... ನಿಮ್ಮಪ್ಪನ ಹತ್ರ ಬಂದು ನಿಮ್ಮನ್ನ ಕೇಳೋಣ ಅಂತ. ಅದೇ ಯೋಚನೇಲಿ ಮೊದಲ್ನೇ ಸಲ ಮಾತೇ ಹೊರಡಲಿಲ್ಲ. ಈಗ ಏನಂತ ಬರ್ಲಿ? ಇನ್ನೊಂದು ಕೆಲಸ ಸಿಗೋವರೆಗೂ..."

"ನೀವು ಬರೋದೇನೂ ಬೇಡ!"

ಅಣ್ಣಮ್ಮ ಅವನನ್ನು ದಾಟಿಕೊಂಡು ನೇರವಾಗಿ ಜಗುಲಿಗೆ ನಡೆದಳು. ಅಲ್ಲಿ ಅವನ ತಾಯಿ ನಾಗಲಕ್ಷ್ಮಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದರು.

"ಯಾರವ್ವ ನೀನು?"

"ಜರಗನಹಳ್ಳಿ ಬೈಲಪ್ಪನೋರ ಮಗಳು ಅಣ್ಣಮ್ಮ. ನಿಮ್ಮ ಮಗನ್ನ ನನಗೆ ಕೊಡ್ತೀರಾ ಅಂತ ಕೇಳೋಕೆ ಬಂದೆ."

ನಾಗಲಕ್ಷ್ಮಮ್ಮನ ಕೈಯಿಂದ ಅವರೆಕಾಯಿ ಜಾರಿತು.

"ಬೈಲಪ್ಪ ನಮ್ಮೋನೇ, ಅದೇನೋ ಸರಿ... ಆದ್ರೆ ಇವನಿಗೆ ಇನ್ನೂ ಕೆಲಸಾನೇ ಸಿಕ್ಕಿಲ್ವಲ್ಲವ್ವ!"

"ನನಗೆ ಸಿಕ್ಕಿದೆ."

ಆ ಮಾತನ್ನು ಅವಳು ಎಷ್ಟು ಎದೆಯುಬ್ಬಿಸಿ ಹೇಳಿದಳೆಂದರೆ ಮುದುಕಿ ಬಾಯಿ ತುಂಬಾ ನಕ್ಕುಬಿಟ್ಟಿತು. "ನಿನ್ನ ಹಿಂದೇನೇ ನಿಂತವ್ನೆ. ಅವನನ್ನೇ ಕೇಳು!"

ಅಣ್ಣಮ್ಮ ತಿರುಗಿದಳು. ಪಿಳ್ಳಣ್ಣನ ಕಣ್ಣು ತುಂಬಿ ಬಂದಿತ್ತು.

"ನನಗಿಂತ ಚೆನ್ನಾಗಿರೋರು, ದೊಡ್ಡ ಕೆಲಸದಲ್ಲಿರೋರು ಎಷ್ಟೋ ಜನ ಇದಾರೆ... ಒಂದ್ಸಲ ನೋಡಬಾರ್ದಾ?" ಎಂದ ಮೆಲ್ಲಗೆ.

"ನೋಡಲ್ಲ."

"ಯಾಕೆ?"

"ನನಗೆ ನೀವೇ ಬೇಕು."